ಕಾಲು ಸೋಲೋದು ಎಲ್ಲಿ? ಟ್ಯೂರಿನ್‌ನಿಂದ ಇಗತಪುರಿವರೆಗೆ ನೋವಿನ ಒಂದು ಚರಿತ್ರೆ

ಕಳೆದ ಭಾನುವಾರ ಹಾಕಿದ ವೀಡಿಯೋದ ಬರಹರೂಪ ಇದು. ಮಾತಾಡುವಾಗ ಹಾರಿಸಿಬಿಟ್ಟಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ, ಮಧ್ಯೆ ಕೆಮ್ಮಿದ್ದು ಮತ್ತು ಫ್ಯಾನಿಗೆ ಬೈದಿದ್ದು ತೆಗೆದಿದ್ದೇನೆ.

ಪುಣೆಯಲ್ಲಿ ನಮ್ಮದೊಂದು ಓಟದ ಗುಂಪಿದೆ. ಹೆಚ್ಚಿನವರು ಹಿಂಜೇವಾಡಿ ಕಡೆ ಕೆಲಸ ಮಾಡೋ ಕನ್ನಡದವರು. ಹುಬ್ಬಳ್ಳಿ, ದಾವಣಗೆರೆ, ಹಾಸನ, ಎಲ್ಲ ಕಡೆಯವರೂ ಇದ್ದಾರೆ. ಆ ಗುಂಪಿನಲ್ಲಿ ಒಬ್ಬರು ಕೇಳಿದ ಪ್ರಶ್ನೆಯಿಂದ ಈ ವೀಡಿಯೋ ಹುಟ್ಟಿತು. "ಶನಿವಾರ ಬೆಳಿಗ್ಗೆ ಹದಿನೆಂಟು ಕಿಲೋಮೀಟರ್ ಓಡಿದರೂ ಕಾಲು ಏನೂ ಅನ್ನಲ್ಲ. ಬುಧವಾರ ಸಂಜೆ ಆಫೀಸು ಮುಗಿಸಿ ಆರು ಕಿಲೋಮೀಟರ್ ಓಡಿದ್ರೆ ತೊಡೆಯೆಲ್ಲ ಉರಿ. ದಿನವಿಡೀ ಕುರ್ಚಿಯಲ್ಲೇ ಕೂತಿರ್ತೀನಿ, ಕಾಲಿಗೆ ಕೆಲಸಾನೇ ಇಲ್ಲ. ಈ ನೋವು ಎಲ್ಲಿಂದ ಬಂತು ಸರ್?" ಅದೇ ವಾರ ಇನ್ನೊಬ್ಬರು, "ಇಗತಪುರಿಗೆ ಹೋಗಿ ಹತ್ತು ದಿನ ಕೂತು ಬಂದ್ರೆ ಮ್ಯಾರಥಾನಿಗೆ ಉಪಯೋಗ ಆಗುತ್ತಾ?" ಅಂತ ಕೇಳಿದರು. ಮೊದಲಿಗೆ ಎರಡಕ್ಕೂ ಸಂಬಂಧ ಕಾಣಲಿಲ್ಲ. ಹಳೆಯ ಕಾಗದ ತಿರುವುತ್ತಾ ಹೋದ ಹಾಗೆ ಎರಡೂ ಒಂದೇ ದಾರಿಯಲ್ಲಿ ಸಿಕ್ಕವು.

ಆ ದಾರಿ ಶುರುವಾಗೋದು ಇಟಲಿಯ ಟ್ಯೂರಿನ್‌ನಲ್ಲಿ. ಆಂಜೆಲೊ ಮೊಸ್ಸೊ ಅನ್ನೋ ಶರೀರಶಾಸ್ತ್ರಜ್ಞ 1891ರಲ್ಲಿ ಆಯಾಸದ ಬಗ್ಗೆಯೇ ಒಂದು ಪುಸ್ತಕ ಬರೆದ, 'ಲಾ ಫಾತಿಕಾ' ಅಂತ. ಅವನ ಉಪಕರಣ ನೋಡಿದರೆ ನಗು ಬರುತ್ತೆ, ಅಷ್ಟು ಸರಳ. ಮುಂಗೈಯನ್ನು ಮೇಜಿಗೆ ಕಟ್ಟಿಹಾಕೋದು. ನಡುಬೆರಳಿಗೊಂದು ದಾರ, ದಾರದ ತುದಿಗೊಂದು ತೂಕ. ಬೆರಳು ಮಡಚಿ ತೂಕ ಎಳೆಯಬೇಕು, ಬಿಡಬೇಕು, ಮತ್ತೆ ಎಳೆಯಬೇಕು. ಪ್ರತಿ ಸಲ ಎಷ್ಟು ಎತ್ತರ ಎಳೆದೆ ಅನ್ನೋದನ್ನ ಒಂದು ಕಡ್ಡಿ ಮಸಿ ಹಿಡಿದ ಕಾಗದದ ಮೇಲೆ ಗೀಚುತ್ತೆ. ಗೀಟುಗಳು ಗಿಡ್ಡವಾಗುತ್ತಾ ಆಗುತ್ತಾ ಕೊನೆಗೆ ನಿಂತು ಹೋಗುತ್ತವೆ. ಬೆರಳು ಸೋತಿತು.

ಮೊಸ್ಸೊ ಇದನ್ನ ತನ್ನ ಸಹೋದ್ಯೋಗಿ ಪ್ರಾಧ್ಯಾಪಕರ ಬೆರಳಿಗೆ ಕಟ್ಟಿದ. ಅವರಲ್ಲೊಬ್ಬ ಡಾಕ್ಟರ್ ಮಜ್ಜೋರಾ. ವಿಶ್ವವಿದ್ಯಾಲಯದಲ್ಲಿ ಮೌಖಿಕ ಪರೀಕ್ಷೆಯ ಕಾಲ, ಗಂಟೆಗಟ್ಟಲೆ ಕೂತು ವಿದ್ಯಾರ್ಥಿಗಳಿಗೆ ಪ್ರಶ್ನೆ ಕೇಳಬೇಕು. ಪರೀಕ್ಷೆಗೆ ಮುಂಚೆ ಒಮ್ಮೆ, ಮುಗಿಸಿ ಬಂದ ಮೇಲೆ ಒಮ್ಮೆ ಬೆರಳಿನ ಗೀಟು ತೆಗೆಸಿದರು. ಬೆರಳು ಇಡೀ ದಿನ ಒಂದು ಕಡ್ಡಿಯನ್ನೂ ಎತ್ತಿರಲಿಲ್ಲ. ಆದರೂ ಪರೀಕ್ಷೆಯ ನಂತರದ ಗೀಟುಗಳು ಬಹಳ ಬೇಗ ಗಿಡ್ಡವಾದವು. ನಮ್ಮ ಬುಧವಾರದ ಓಟಗಾರರ ಪ್ರಶ್ನೆ ನೂರಾಮೂವತ್ತು ವರ್ಷದ ಹಿಂದೆಯೇ ಮಸಿಕಾಗದದ ಮೇಲೆ ದಾಖಲಾಗಿತ್ತು. ಇಷ್ಟು ತಲೆ ಕೆಲಸ ಮಾಡಿಬಂದ ಮನುಷ್ಯನಿಗೆ ಬೆರಳಿಗೇಕೆ ಆಯಾಸ? ಮಿದುಳು ದಣಿದಾಗ ಏನೋ ವಿಷ ಹುಟ್ಟಿ ರಕ್ತದಲ್ಲಿ ಸೇರಿ ಸ್ನಾಯುವಿಗೆ ಹೋಗುತ್ತೆ ಅಂತ ಮೊಸ್ಸೊ ಲೆಕ್ಕ ಹಾಕಿದ್ದ. ದಣಿದ ನಾಯಿಯ ರಕ್ತ ತೆಗೆದು ದಣಿಯದ ನಾಯಿಗೆ ಕೊಟ್ಟು ನೋಡಿದ್ದ ಕೂಡ. ಆ ವಿವರಣೆ ಉಳಿಯಲಿಲ್ಲ, ಮಸಿಕಾಗದದ ಗೀಟು ಉಳಿಯಿತು.

ಇಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಹಾರ್ತೀನಿ. 2009ರಲ್ಲಿ ವೇಲ್ಸಿನ ಬ್ಯಾಂಗರ್‌ನಲ್ಲಿ ಸಾಮುಯೆಲೆ ಮಾರ್ಕೋರಾ ಮತ್ತು ಜೊತೆಗಾರರು 16 ಜನರನ್ನು ಎರಡು ಬೇರೆ ಬೇರೆ ದಿನ ಕರೆದರು. ಒಂದು ದಿನ 90 ನಿಮಿಷ ಕಂಪ್ಯೂಟರ್ ಪರದೆ ಮುಂದೆ ಕೂರಿಸಿ, ಬರೋ ಅಕ್ಷರ ನೋಡಿ ನಿಯಮದ ಪ್ರಕಾರ ಗುಂಡಿ ಒತ್ತೋ ಕೆಲಸ ಕೊಟ್ಟರು. ಎಚ್ಚರ ತಪ್ಪೋ ಹಾಗಿಲ್ಲ. (ನಮ್ಮ ಕೆಲಸದ ವರ್ಣನೆ ಇದ್ದ ಹಾಗೇ ಇದೆ ಅಲ್ವಾ?) ಇನ್ನೊಂದು ದಿನ ಅಷ್ಟೇ ಹೊತ್ತು ಸುಮ್ಮನೆ ಸಾಕ್ಷ್ಯಚಿತ್ರ ತೋರಿಸಿದರು. ಎರಡೂ ದಿನ ಆಮೇಲೆ ಸೈಕಲ್ ಹತ್ತಿಸಿ, ಆಗಲ್ಲ ಅನ್ನೋವರೆಗೆ ತುಳಿಸಿದರು. ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡ್ ತುಳಿದರು, ಗುಂಡಿ ಒತ್ತಿದ ದಿನ 640. ಹೃದಯವಾಗಲಿ ಉಸಿರಾಗಲಿ ರಕ್ತದ ಲ್ಯಾಕ್ಟೇಟ್ ಆಗಲಿ ಈ ವ್ಯತ್ಯಾಸಕ್ಕೆ ಕಾರಣ ಕೊಡಲಿಲ್ಲ. ಬದಲಾಗಿದ್ದು ಒಂದೇ. ಎಷ್ಟು ಕಷ್ಟ ಅನಿಸ್ತಿದೆ ಅಂತ ಕೇಳಿದರೆ ಮೊದಲ ನಿಮಿಷದಿಂದಲೇ ಹೆಚ್ಚು ಅಂಕ ಹೇಳುತ್ತಿದ್ದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಪರಿಣಾಮ ಎಲ್ಲ ಸಲವೂ ಇಷ್ಟು ದೊಡ್ಡದಾಗಿ ಕಂಡಿಲ್ಲ, ಅದರ ಬಗ್ಗೆ ಜಗಳ ಇನ್ನೂ ನಡೀತಿದೆ. ಅದನ್ನೂ ಹೇಳಿಯೇ ಮುಂದೆ ಹೋಗಬೇಕು.

ನಮ್ಮ ಭಾಷೆ ಇಲ್ಲೊಂದು ಸಹಾಯ ಮಾಡುತ್ತೆ. ಕಾಲು ನೋಯ್ತಿದೆ ಅಂತೀವಿ, ಕಾಲು ಸೋತಿದೆ ಅಂತಲೂ ಅಂತೀವಿ. ಎರಡೂ ಒಂದೇ ಅಲ್ಲ ಅನ್ನೋದು ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಮಾರ್ಕೋರಾ ಅಳೆದಿದ್ದು ಸೋಲು. ನೋವಿನ ಕಥೆ ಬೇರೆ ದಾರಿಯಲ್ಲಿ ಬಂದು ಇದನ್ನ ಸೇರಿಕೊಳ್ಳುತ್ತೆ.

ಎರಡನೇ ಮಹಾಯುದ್ಧ. ಹೆನ್ರಿ ಬೀಚರ್ ಅನ್ನೋ ಹಾರ್ವರ್ಡ್‌ನ ಅರಿವಳಿಕೆ ವೈದ್ಯ ಇಟಲಿಯ ರಣರಂಗದಲ್ಲಿ ಗಾಯಾಳುಗಳ ನಡುವೆ ಕೆಲಸ ಮಾಡುತ್ತಿದ್ದ. ತೀವ್ರವಾಗಿ ಗಾಯಗೊಂಡ 215 ಸೈನಿಕರನ್ನು ಕೇಳಿ ಬರೆದುಕೊಂಡು 1946ರಲ್ಲಿ ಪ್ರಕಟಿಸಿದ. ನಾಲ್ವರಲ್ಲಿ ಮೂವರಿಗೆ ಔಷಧಿ ಬೇಕು ಅನಿಸುವಷ್ಟು ನೋವೇ ಇರಲಿಲ್ಲ. ಮೂಳೆ ಮುರಿದಿದೆ, ಹೊಟ್ಟೆಗೆ ಗಾಯ ಆಗಿದೆ, ಪ್ರಜ್ಞೆಯೂ ಸರಿಯಾಗಿದೆ. ಯುದ್ಧ ಮುಗಿದ ಮೇಲೆ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆದವರನ್ನು ನೋಡಿದರೆ, ಅದಕ್ಕಿಂತ ಸಣ್ಣ ಗಾಯಕ್ಕೂ ಅವರಲ್ಲಿ ಹೆಚ್ಚು ಜನ ಔಷಧಿ ಕೇಳುತ್ತಿದ್ದರು. ಬೀಚರ್ ಕೊಟ್ಟ ಕಾರಣ, ಗಾಯಕ್ಕೆ ಆ ಮನುಷ್ಯ ಕೊಡೋ ಅರ್ಥ. ಸೈನಿಕನಿಗೆ ಆ ಗಾಯ ಅಂದರೆ ಬದುಕಿ ಮನೆಗೆ ಹೋಗೋ ರಹದಾರಿ. ಊರಿನವನಿಗೆ ಅದು ಆಪತ್ತು.

1965ರಲ್ಲಿ ಕೆನಡಾದ ರೊನಾಲ್ಡ್ ಮೆಲ್ಜಾಕ್, ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಸೇರಿ ಇದಕ್ಕೊಂದು ಜಾಗ ಹುಡುಕಿಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದ ಹಾಗೆ ಅಂದರು. ಕೆಳಗಿನಿಂದ ಬರೋ ನೋವಿನ ಸಂದೇಶ ಎಷ್ಟು ಒಳಗೆ ಹೋಗಬೇಕು ಅನ್ನೋದನ್ನ ಬೇರೆ ನರಗಳ ಸಂದೇಶವೂ ನಿರ್ಧರಿಸುತ್ತೆ, ಮಿದುಳಿನಿಂದ ಕೆಳಗಿಳಿದು ಬರೋ ಆಜ್ಞೆಯೂ ನಿರ್ಧರಿಸುತ್ತೆ. ಮಗು ಬಿದ್ದಾಗ ಅಮ್ಮ ಮೊಣಕಾಲು ತಿಕ್ಕಿ "ಏನೂ ಆಗಿಲ್ಲ ಪುಟ್ಟ, ಇರುವೆ ಸತ್ತೋಯ್ತು ನೋಡು" ಅಂತಾಳಲ್ಲ, ಅದರಲ್ಲಿ ಈ ಎರಡೂ ಕೆಲಸ ಇವೆ. ಸಿದ್ಧಾಂತದ ಬಿಡಿಭಾಗಗಳು ಆಮೇಲೆ ಬಹಳ ತಿದ್ದುಪಡಿ ಆದವು, ಮೂಲ ಮಾತು ನಿಂತಿತು.

ಇನ್ನು ನಿಮಗೆಲ್ಲ ಗೊತ್ತಿರೋ ಎಂಡಾರ್ಫಿನ್. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಹಂದಿಯ ಮಿದುಳಿನಿಂದ ಮಾರ್ಫಿನ್ ಥರ ಕೆಲಸ ಮಾಡೋ ಪದಾರ್ಥ ಬೇರ್ಪಡಿಸಿದರು. ನಾಲ್ಕೇ ವರ್ಷದಲ್ಲಿ, 1979ರಲ್ಲಿ, ಆಸ್ಟ್ರೇಲಿಯಾದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ದೂರದ ಓಟಗಾರನ ನೋವಿಲ್ಲದಿರುವಿಕೆ ಅನ್ನೋ ಅರ್ಥದ ತಲೆಬರಹದಲ್ಲಿ ಒಂದು ಪುಟ್ಟ ವರದಿ ಬಂತು. ಓಡಿದ ಮೇಲೆ ನೋವು ಕಡಿಮೆ ಗೊತ್ತಾಗುತ್ತೆ ಅನ್ನೋ ಅಧ್ಯಯನಗಳ ಸಾಲು ಅಲ್ಲಿಂದ ಶುರುವಾಯಿತು. ವ್ಯಾಯಾಮದ ನಂತರ ಕೆಲವು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ ಈ ಪರಿಣಾಮ ಇರುತ್ತೆ ಅನ್ನೋದು ಮತ್ತೆ ಮತ್ತೆ ಕಂಡಿದೆ. ಎಲ್ಲದಕ್ಕೂ ಎಂಡಾರ್ಫಿನ್ನೇ ಕಾರಣ ಅನ್ನೋ ಜಿಮ್ ಮಾತು ಮಾತ್ರ ಅಷ್ಟು ಸಲೀಸಾಗಿ ಉಳಿದಿಲ್ಲ. 2021ರಲ್ಲಿ ಜರ್ಮನಿಯಲ್ಲಿ ಮಾರ್ಫಿನ್ ದಾರಿಯನ್ನೇ ಮುಚ್ಚುವ ಔಷಧಿ ಕೊಟ್ಟು ಜನರನ್ನ ಓಡಿಸಿದರು. ಓಡಿದ ಮೇಲಿನ ಉಲ್ಲಾಸ ಹಾಗೇ ಬಂತು. ಗಾಂಜಾ ಹಿಡಿಯೋ ದಾರಿಯಲ್ಲೇ ಕೆಲಸ ಮಾಡುವ, ನಮ್ಮ ದೇಹವೇ ತಯಾರಿಸೋ ಇನ್ನೊಂದು ರಾಸಾಯನಿಕದ ಕಡೆ ಈಗ ಎಲ್ಲರ ಕಣ್ಣು.

ನನಗೆ ಇದಕ್ಕಿಂತ ಮುಖ್ಯ ಅನಿಸೋದು ಬೇರೆ. ಇಲ್ಲಿ ಎರಡು ಶಬ್ದ ಬೇಕು. ಹೊಸ್ತಿಲು ಅಂದರೆ ಒತ್ತುತ್ತಾ ಹೋದಾಗ "ಈಗ ನೋವಾಯ್ತು" ಅನ್ನೋ ಬಿಂದು. ತಾಳಿಕೆ ಅಂದರೆ "ಸಾಕು, ನಿಲ್ಲಿಸಿ" ಅನ್ನೋ ಬಿಂದು. ಜರ್ಮನಿಯ ಹೈಡೆಲ್ಬರ್ಗ್‌ನವರು 2012ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಕ್ರೀಡಾಪಟುಗಳ ತಾಳಿಕೆ ಬೇರೆಯವರಿಗಿಂತ ಸ್ಪಷ್ಟವಾಗಿ ಹೆಚ್ಚು. ಹೊಸ್ತಿಲಿನ ವಿಷಯದಲ್ಲಿ ಫಲಿತಾಂಶ ಅಷ್ಟು ಖಚಿತವಿಲ್ಲ. ಹುಟ್ಟಿನಿಂದಲೇ ಗಟ್ಟಿ ಇದ್ದವರು ಕ್ರೀಡೆಗೆ ಬರ್ತಾರೋ, ಕ್ರೀಡೆಗೆ ಬಂದು ಗಟ್ಟಿ ಆಗ್ತಾರೋ? 2014ರಲ್ಲಿ ಸಿಡ್ನಿಯಲ್ಲಿ 24 ಜನ ಸಾಮಾನ್ಯರನ್ನ ಎರಡು ಪಾಲು ಮಾಡಿ, 12 ಜನಕ್ಕೆ ಆರು ವಾರ ಸೈಕಲ್ ತುಳಿಸಿದರು. ಮುಂಚೆ ಮತ್ತು ನಂತರ ತೋಳಿಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಿ ಕೈ ಹಿಸುಕೋ ಕೆಲಸ ಕೊಟ್ಟರು. ವಿಪರೀತ ನೋಯುತ್ತೆ ಅದು. ಹೊಸ್ತಿಲು ಅಲುಗಲಿಲ್ಲ. ತಾಳಿಕೆ ಏರಿತು. ಗಮನಿಸಿ, ತರಬೇತಿ ಆಗಿದ್ದು ಕಾಲಿಗೆ, ತಾಳಿಕೆ ಅಳೆದಿದ್ದು ಕೈಯಲ್ಲಿ. ಸೈಕಲ್ ತುಳಿದು ಬದಲಾದದ್ದು ಕಾಲಿನ ಸ್ನಾಯುವಷ್ಟೇ ಆಗಿದ್ದರೆ ಕೈಗೆ ಇದು ಬರುತ್ತಿರಲಿಲ್ಲ.

ಈಗ ನಾಸಿಕ್ ಜಿಲ್ಲೆಗೆ ಬರೋಣ, ನಾವು ಇರೋ ರಾಜ್ಯದ ಕಥೆ. ಮುಂಬೈ ಲೋಕಲ್ ಕಸಾರಾಕ್ಕೆ ಮುಗಿಯುತ್ತೆ, ಅಲ್ಲಿಂದ ಥಳ ಘಾಟ್ ಹತ್ತಿದರೆ ಇಗತಪುರಿ. 1865ರಲ್ಲಿ ರೈಲು ಹಾಕಿದ ಈ ಏರು 37 ಅಡಿಗೆ ಒಂದು ಅಡಿ. ಇವತ್ತಿಗೂ ಕಸಾರಾದಲ್ಲಿ ಹಿಂದಿನಿಂದ ನೂಕಲು ಬೇರೆ ಇಂಜಿನ್ ಹಚ್ಚಬೇಕು. ಮಳೆಗಾಲದಲ್ಲಿ ಆ ಕಡೆ ಓಡಿದವರಿಗೆ ಇಂಜಿನ್ನಿನ ಕಷ್ಟ ಅರ್ಥ ಆಗುತ್ತೆ. ಇದೇ ಜಿಲ್ಲೆಯ ಸಾವರಪಾಡಾ ಅನ್ನೋ ಆದಿವಾಸಿ ಹಳ್ಳಿಯಿಂದ ಬಂದವರು ಕವಿತಾ ರಾವುತ್. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10,000 ಮೀಟರ್ ಓಟದಲ್ಲಿ ಕಂಚು, ಅದೇ ವರ್ಷ ಗುವಾಂಗ್‌ಜೌ ಏಷ್ಯಾಡ್‌ನಲ್ಲಿ ಬೆಳ್ಳಿ. ನಾಸಿಕ್‌ನ ಇಬ್ಬರು ವೈದ್ಯ ಸಹೋದರರು, ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್, 2015ರಲ್ಲಿ ಇಬ್ಬರ ತಂಡವಾಗಿ ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ, ಸುಮಾರು 4,800 ಕಿಲೋಮೀಟರ್, ಸೈಕಲ್ ರೇಸ್ ಮುಗಿಸಿದರು. ಹಿತೇಂದ್ರ ಅವರ ವೃತ್ತಿ ಬೀಚರ್‌ನದೇ, ಅರಿವಳಿಕೆ. 2017ರಲ್ಲಿ ನಾಸಿಕ್‌ನಲ್ಲಿದ್ದ ಸೇನಾ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಅದೇ ರೇಸನ್ನು ಒಬ್ಬರೇ, 12 ದಿನದೊಳಗೆ ಮುಗಿಸಿದರು. ಒಂಟಿಯಾಗಿ ಅದನ್ನ ಮುಗಿಸಿದ ಮೊದಲ ಭಾರತೀಯ. ಇಂಥ ರೇಸಿನಲ್ಲಿ ದಿನಕ್ಕೆ ಬೆರಳೆಣಿಕೆಯ ಗಂಟೆಗಳ ನಿದ್ದೆ. ಕಾಲಿನ ನೋವಿನ ಮೇಲೆ ನಿದ್ದೆಗೆಟ್ಟ ತಲೆಯ ನೋವು.

ಇಂಥವರು ನೋವನ್ನ ಏನು ಮಾಡ್ತಾರೆ? ನಾವೆಲ್ಲ ಅಂದುಕೊಳ್ಳೋದು, ಮರೀತಾರೆ, ಗಮನ ಬೇರೆ ಕಡೆ ಇಡ್ತಾರೆ ಅಂತ. ಅಮೆರಿಕದ ವಿಲಿಯಂ ಮಾರ್ಗನ್ ಮತ್ತು ಮೈಕೆಲ್ ಪೊಲಾಕ್ ಕೂಡ ಹಾಗೇ ಅಂದುಕೊಂಡಿದ್ದರು. ಸಾಧಾರಣ ಮ್ಯಾರಥಾನ್ ಓಟಗಾರರನ್ನ ಕೇಳಿದಾಗ ಅದು ನಿಜವೂ ಆಯಿತು. ಒಬ್ಬ ಮನಸ್ಸಿನಲ್ಲೇ ಮನೆ ಕಟ್ಟುತ್ತಾನೆ, ಇನ್ನೊಬ್ಬ ಹಾಡು ಹಾಕಿಕೊಳ್ಳುತ್ತಾನೆ. ಆದರೆ ದೇಶದ ಅಗ್ರಗಣ್ಯ ಓಟಗಾರರನ್ನ ಕೇಳಿ 1977ರಲ್ಲಿ ಪ್ರಕಟಿಸಿದ ಫಲಿತಾಂಶ ತಿರುವುಮುರುವು. ಅವರು ಇಡೀ ಓಟದುದ್ದಕ್ಕೂ ಮೈ ಒಳಗೇ ಇರುತ್ತಿದ್ದರು. ಪಾದ ಹೇಗಿದೆ, ಮೀನಖಂಡ ಹೇಗಿದೆ, ಉಸಿರು ಹೇಗಿದೆ, ಭುಜ ಬಿಗಿಯಾಯ್ತಾ, ಸಡಿಲ ಮಾಡು. ವೇಗ ಕೂಡ ಆ ಓದಿನಿಂದಲೇ ತೀರ್ಮಾನ. ನೋವು ಅವರಿಗೆ ಡ್ಯಾಶ್‌ಬೋರ್ಡಿನ ಒಂದು ಮುಳ್ಳು, ನೋಡಿಕೊಂಡು ಓಡಿಸೋ ಸಾಮಾನು. ಈ ಅಧ್ಯಯನ ಓದಿದಾಗಲೇ ನನಗೆ ಇಗತಪುರಿ ನೆನಪಾಗಿದ್ದು.

ಸತ್ಯನಾರಾಯಣ ಗೋಯೆಂಕಾ 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ. ವಯಸ್ಸಿನ ಮೂವತ್ತರ ಆಸುಪಾಸಿನಲ್ಲಿ ಸಿಕ್ಕಾಪಟ್ಟೆ ಮೈಗ್ರೇನ್. ನೋವು ಬಂದಾಗ ಮಾರ್ಫಿನ್ ಚುಚ್ಚುಮದ್ದು. ಅದಕ್ಕೇ ದಾಸರಾಗಿಬಿಡ್ತೀರಿ ಅಂತ ಹೆದರಿಸಿದ ಮೇಲೆ ಯುರೋಪು, ಅಮೆರಿಕ, ಜಪಾನ್ ಎಲ್ಲ ಸುತ್ತಿ ವೈದ್ಯರನ್ನ ಕಂಡರು, ಪ್ರಯೋಜನ ಆಗಲಿಲ್ಲ. 1955ರಲ್ಲಿ ರಂಗೂನಿನಲ್ಲಿ ಊ ಬಾ ಖಿನ್ ಹತ್ತಿರ ಹೋದರು. ಊ ಬಾ ಖಿನ್ ಸನ್ಯಾಸಿ ಅಲ್ಲ, ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್. ಹಗಲು ಲೆಕ್ಕಪತ್ರ, ಉಳಿದ ಹೊತ್ತು ಧ್ಯಾನದ ಪಾಠ. ಗೋಯೆಂಕಾ ತಾವೇ ಅನೇಕ ಸಲ ಹೇಳಿಕೊಂಡ ಕಥೆ ಇದು. ತಲೆನೋವು ಹೋಗಲಿ ಅಂತ ಬಂದಿದ್ದೀನಿ ಅಂದಾಗ, ಅದಕ್ಕಾದರೆ ಬರಬೇಡಿ, ಇದು ಅದಕ್ಕಿರೋ ವಿದ್ಯೆ ಅಲ್ಲ ಅಂತ ಗುರು ಬಾಗಿಲಲ್ಲೇ ನಿಲ್ಲಿಸಿದರು. ಆಮೇಲೆ ಸೇರಿಸಿಕೊಂಡರು, ಅದು ಬೇರೆ ಮಾತು. 1969ರಲ್ಲಿ ಗೋಯೆಂಕಾ ಭಾರತಕ್ಕೆ ಬಂದರು, 1976ರಲ್ಲಿ ಇಗತಪುರಿಯ ಗುಡ್ಡದ ಬುಡದಲ್ಲಿ ಧಮ್ಮಗಿರಿ ಶುರುವಾಯಿತು. ನಮ್ಮ ಕಂಪನಿಗಳಲ್ಲಿ ಹತ್ತು ದಿನ ರಜೆ ಹಾಕಿ ಫೋನ್ ಒಪ್ಪಿಸಿ ಒಳಗೆ ಹೋಗಿ ಬಂದವರು ಬೇಕಾದಷ್ಟು ಜನ ಇದ್ದಾರೆ.

ಅಲ್ಲಿ ನಡೆಯೋದೇನು? ಬೆಳಿಗ್ಗೆ 4ಕ್ಕೆ ಗಂಟೆ. ಮೊದಲ ದಿನಗಳು ಉಸಿರು. ನಾಲ್ಕನೇ ದಿನದಿಂದ ತಲೆಯಿಂದ ಪಾದದವರೆಗೆ ಮೈಯ ಸಂವೇದನೆಗಳನ್ನ ಒಂದೊಂದಾಗಿ ನೋಡುತ್ತಾ ಹೋಗೋದು. ಅಲ್ಲಿಂದ ದಿನಕ್ಕೆ ಮೂರು ಸಲ 'ಅಧಿಷ್ಠಾನ', ಅಂದರೆ ಒಂದು ಗಂಟೆ ಕೈಕಾಲು ಅಲುಗಿಸದೆ, ಕಣ್ಣು ತೆರೆಯದೆ ಕೂರೋ ಸಂಕಲ್ಪ. ಇಪ್ಪತ್ತನೇ ನಿಮಿಷಕ್ಕೆ ಮಂಡಿ ಕೂಗೋಕೆ ಶುರು ಮಾಡುತ್ತೆ ಅಂತ ಹೋಗಿಬಂದ ಗೆಳೆಯರೆಲ್ಲ ಹೇಳ್ತಾರೆ. ಓಡಿಸು ಅನ್ನಲ್ಲ, ಮರೆ ಅನ್ನಲ್ಲ. ನೋಡು, ಪ್ರತಿಕ್ರಿಯೆ ಕೊಡಬೇಡ ಅಂತಾರೆ.

ಪ್ರಯೋಗಶಾಲೆಗಳು ಇದರ ಹತ್ತಿರದ ಅಭ್ಯಾಸಗಳನ್ನ ಅಳೆದಿವೆ. ಇಗತಪುರಿಯ ಪದ್ಧತಿಯನ್ನೇ ಅಲ್ಲ, ಅದನ್ನ ಸ್ಪಷ್ಟ ಹೇಳಿಬಿಡ್ತೀನಿ. 2010ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಾವಿರಾರು ಗಂಟೆ ಕೂತು ಪಳಗಿದ ಧ್ಯಾನಿಗಳ ಚರ್ಮಕ್ಕೆ ಶಾಖ ಮುಟ್ಟಿಸಿದರು. ಎಷ್ಟು ಜೋರಾಗಿದೆ ಅಂತ ಕೇಳಿದರೆ ಬೇರೆಯವರಷ್ಟೇ ಅಂಕ. ಎಷ್ಟು ಅಸಹ್ಯ ಅನಿಸ್ತಿದೆ ಅಂದರೆ ಕಡಿಮೆ ಅಂಕ. ನೋವು ಮತ್ತು ನೋವಿನ ಕಾಟ ಎರಡೂ ಬೇರೆ ಬೇರೆಯಾಗಿ ಬಿಡಿಸಿಕೊಂಡವು. 2016ರಲ್ಲಿ ಫಾದೆಲ್ ಜೈದಾನ್ ಅವರ ತಂಡ ಇನ್ನೊಂದು ಮಾಡಿತು. ಮಾರ್ಫಿನ್ ದಾರಿ ಮುಚ್ಚುವ ನಲಾಕ್ಸೋನ್ ಔಷಧಿಯನ್ನ ರಕ್ತನಾಳಕ್ಕೆ ಕೊಟ್ಟರೂ ಧ್ಯಾನದಿಂದ ಸಿಕ್ಕ ಉಪಶಮನ ಹೋಗಲಿಲ್ಲ. ಮಾರ್ಫಿನ್ ಬಿಟ್ಟು ಬರ್ಮಾದ ಗುರುವಿನ ಹತ್ತಿರ ಹೋದ ವ್ಯಾಪಾರಿಯ ಕಥೆ ಗೊತ್ತಿದ್ದವರಿಗೆ ಇದು ಓದಲು ಒಂಥರಾ ರುಚಿ.

ಹಾಗಾದರೆ ಎರಡನೇ ಪ್ರಶ್ನೆಗೆ ಉತ್ತರ. ಮ್ಯಾರಥಾನಿಗೆ ಇನ್ನು ಮೂರು ವಾರ ಇದ್ದಾಗ ಇಗತಪುರಿಗೆ ಹೋಗಬೇಡಿ ಮಾರಾಯರೇ! ಆ ಹತ್ತು ದಿನ ಅಲ್ಲಿ ಓಡೋ ಹಾಗಿಲ್ಲ, ಬಿಡುವಿನಲ್ಲಿ ನಡೆಯಬಹುದು ಅಷ್ಟೇ. ಅದೂ ಅಲ್ಲದೆ ಊ ಬಾ ಖಿನ್ ಬಾಗಿಲಲ್ಲಿ ಹೇಳಿದ ಮಾತು ನಿಮಗೂ ಅನ್ವಯ. ಬೇರೆ ಕಾರಣಕ್ಕೆ ಹೋಗೋದಾದರೆ ಹೋಗಿ. ಓಟಕ್ಕೆ ಬೇಕಾದ ಓದು ಓಟದಲ್ಲೇ ಕಲಿಯಬಹುದು. ವಾರಕ್ಕೊಂದು ದಿನ ಇಯರ್‌ಫೋನ್ ಮನೆಯಲ್ಲಿಟ್ಟು ಓಡಿ.

ಮೊದಲ ಪ್ರಶ್ನೆ, ಬುಧವಾರದ ತೊಡೆ. ಮೈಯನ್ನ ಓದೋದು, ಆದರೂ ಓಡ್ತಾ ಇರೋದು, ಇದು ತಲೆ ಮಾಡೋ ಕೆಲಸ. ಅದೇ ತಲೆಯನ್ನ ಬೆಳಿಗ್ಗೆಯಿಂದ ಪ್ರೊಡಕ್ಷನ್ ಸಮಸ್ಯೆಗೆ, ಎರಡು ದೇಶದ ಕಾಲ್‌ಗೆ, ಅಪ್ರೈಸಲ್ ಫಾರ್ಮಿಗೆ ಖರ್ಚು ಮಾಡಿರ್ತೀರಿ. 2016ರಲ್ಲಿ ಆಸ್ಟ್ರೇಲಿಯಾದಲ್ಲಿ 11 ವೃತ್ತಿಪರ ಸೈಕಲಿಗರಿಗೆ, 9 ಹವ್ಯಾಸಿಗಳಿಗೆ ಅರ್ಧ ಗಂಟೆ ತಲೆ ದಣಿಸೋ ಪರೀಕ್ಷೆ ಕೊಟ್ಟು ಆಮೇಲೆ ಸೈಕಲ್ ಹತ್ತಿಸಿದರು. ಹವ್ಯಾಸಿಗಳು ಕುಗ್ಗಿದರು, ವೃತ್ತಿಪರರು ಕುಗ್ಗಲಿಲ್ಲ. ನಾವು ಹವ್ಯಾಸಿಗಳ ಸಾಲಿನವರು. ರಿಲೀಸ್ ಇರೋ ದಿನ ಸಂಜೆ ವೇಗದ ಓಟ ಇಟ್ಟುಕೊಳ್ಳಬೇಡಿ, ನಿಧಾನ ಓಡಿ. ಏರು, ವೇಗ ಎಲ್ಲ ಶನಿವಾರಕ್ಕಿರಲಿ. ಕಾಲು ಕೆಟ್ಟಿದೆ ಅಂತ ಹೊಸ ಶೂ ತರಬೇಡಿ.

ಇನ್ನು ನನಗೆ ನಿಜವಾಗಿ ಚಿಂತೆ ಹುಟ್ಟಿಸೋ ವಿಷಯ. ಈ ಚರಿತ್ರೆಯನ್ನ ಅರ್ಧ ಕೇಳಿದವರು "ನೋವೆಲ್ಲ ಮನಸ್ಸಿನದು" ಅಂತ ಅಂದುಬಿಡ್ತಾರೆ. ಮನಸ್ಸಿನದಾದರೆ ಮಾತ್ರೆ ನುಂಗಿ ಮುಚ್ಚಿದರಾಯ್ತು ಅಂತ ಮುಂದಿನ ಹೆಜ್ಜೆ. 2010ರಲ್ಲಿ ಇಂಗ್ಲೆಂಡಿನಲ್ಲಿ 13 ಸೈಕಲಿಗರಿಗೆ ಪ್ಯಾರಸಿಟಮಾಲ್ ಕೊಟ್ಟು ನೋಡಿದಾಗ 16 ಕಿಲೋಮೀಟರಿಗೆ ಸುಮಾರು 30 ಸೆಕೆಂಡ್ ಉಳಿಯಿತು. ಮುಳ್ಳನ್ನ ಸ್ವಲ್ಪ ಕೆಳಗೆ ಬಗ್ಗಿಸಿದರೆ ಗಾಡಿ ಜೋರಾಗಿ ಓಡುತ್ತೆ, ಸರಿ. ಆದರೆ 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 80 ಕಿಲೋಮೀಟರ್ ಓಡುವವರಲ್ಲಿ ಕೆಲವರಿಗೆ ಐಬುಪ್ರೊಫೆನ್, ಕೆಲವರಿಗೆ ಹುಸಿ ಮಾತ್ರೆ ಕೊಟ್ಟಿದ್ದರು. ಓಟ ಮುಗಿದಾಗ ಮೂತ್ರಪಿಂಡಕ್ಕೆ ಪೆಟ್ಟಾದ ಲಕ್ಷಣ ಹುಸಿ ಮಾತ್ರೆಯವರಲ್ಲಿ 34 ಪ್ರತಿಶತ, ಐಬುಪ್ರೊಫೆನ್‌ನವರಲ್ಲಿ 52 ಪ್ರತಿಶತ. ನಮ್ಮ ರೇಸುಗಳ ಸಾಲಿನಲ್ಲಿ ಜೆಲ್ ಜೊತೆ ಈ ಮಾತ್ರೆಯ ಪಟ್ಟಿಯನ್ನೂ ಜೇಬಿಗೆ ಹಾಕೋರನ್ನ ನಾನು ಪ್ರತಿ ವರ್ಷ ನೋಡ್ತೀನಿ.

ನಮ್ಮ ಗುಂಪಿನ ಒಬ್ಬ ಹುಡುಗನ ಮುಂಗಾಲಿನ ಮೂಳೆಯಲ್ಲಿ ಒಂದೇ ಜಾಗದಲ್ಲಿ ನೋವಿತ್ತು. ಉರಿಯಲ್ಲ, ಸುಸ್ತಲ್ಲ, ಬೆರಳಿಟ್ಟು ತೋರಿಸೋ ಹಾಗಿತ್ತು. ಮಾತ್ರೆ ಹಾಕಿಕೊಂಡು ಎರಡು ವಾರ ಓಡಿದ. ಎಂ.ಆರ್.ಐ.ನಲ್ಲಿ ಕೂದಲೆಳೆಯ ಬಿರುಕು. ಎರಡು ತಿಂಗಳು ಮನೆಯಲ್ಲಿ ಕೂತ, ಅವನ ಅಮ್ಮ ಧಾರವಾಡದಿಂದ ಬಂದು ರೊಟ್ಟಿ ಬಡಿದು ಹಾಕಿದರು. ತೊಡೆಯೆಲ್ಲ ಹರಡಿದ ಉರಿ ಓಟ ನಿಲ್ಲಿಸಿದ ಮೇಲೆ ಬೇಗ ಇಳಿಯುತ್ತೆ. ಒಂದೇ ಚುಕ್ಕೆಯಲ್ಲಿ ನಿಂತ, ರಾತ್ರಿ ಮಲಗಿದಾಗಲೂ ಬಿಡದ, ದಿನದಿಂದ ದಿನಕ್ಕೆ ಬೇಗ ಶುರುವಾಗೋ ನೋವಿಗೆ ಓಟ ನಿಲ್ಲಿಸಿ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಅವನು ಈಗ ವಾಪಸ್ ಬಂದಿದ್ದಾನೆ, ಬುಧವಾರ ನಮ್ಮೆಲ್ಲರಿಗಿಂತ ಹಿಂದೆ ಓಡ್ತಾನೆ, ಇಯರ್‌ಫೋನ್ ಇಲ್ಲದೆ.